ಸರ್ಕಾರಿ ದೀಪಕ್ಕೆ ಒಂದು ಡಬ್ಬಿ ತುಪ್ಪ

ಅಲ್ಲಿ ನಡೆದದ್ದು ಇಷ್ಟೇ: ನನ್ನ ನಾದಿನಿ ಸರ್ಕಾರದ ದೀಪಕ್ಕೆ ತುಪ್ಪ ಹಾಕಲು ಹೋಗಿ, ಗೊತ್ತಿಲ್ಲದ ಊರಿನಲ್ಲಿ ನಮ್ಮ ಮಾನ ತೆಗೆದಳು. ಮೊಮ್ಮಕ್ಕಳು ಇದಕ್ಕೆ ಕೋಡು, ಬಾಲ ಸೇರಿಸಿ ಹೇಳುತ್ತಾರೆ, ನಂಬಬೇಡಿ.

ನಾವು ಸೇಲಂನ ನೇಕಾರರು, ಮನೆಮಾತು ಕನ್ನಡ. ನಾದಿನಿಗೂ ನನಗೂ ಅಕ್ಕಪಕ್ಕದ ಮಗ್ಗ. ಎರಡು ವರ್ಷದಿಂದ ನನ್ನದು ಸುಮ್ಮನಿದೆ. ಅರ್ಧ ನೇಯ್ದ ನೀಲಿ ಹತ್ತಿ ಸೀರೆ ಅದರ ಮೇಲೇ ಇದೆ. ಕಣ್ಣಿಗೆ ಪೊರೆ ಬಂದಿದೆಯಂತೆ, ಆಪರೇಷನ್ ಆಗಬೇಕಂತೆ. ಕಣ್ಣಿಗೇ ಕತ್ತಿ ಹಾಕುತ್ತೇನೆ ಎಂದವನ ಮುಂದೆ ಯಾರಾದರೂ ಹೋಗಿ ಮಲಗುತ್ತಾರೆಯೇ? ನಾನು ಒಪ್ಪಲಿಲ್ಲ.

ಇನ್ನು ನಾದಿನಿ. ದೀಪ ಕಂಡರೆ ಸಾಕು, ಇವಳಿಗೆ ಭಕ್ತಿ ಉಕ್ಕುತ್ತದೆ. ಬಸ್ಸಿನ ಹೆಡ್‌ಲೈಟ್ ಹೊತ್ತಿದರೂ ಕೈ ಮುಗಿಯುತ್ತಾಳೆ! ಹತ್ತುವವಳೇ ಇರಬೇಕೆಂದು ಡ್ರೈವರ್ ಬಸ್ ನಿಲ್ಲಿಸಿ ಬೈದದ್ದೂ ಉಂಟು.

ಮಗ ನಮ್ಮನ್ನೆಲ್ಲ ವ್ಯಾನಿನಲ್ಲಿ ನಾಗರಕೋಯಿಲ್ ಕಡೆಯ ಕಡಲಿಗೆ ಕರೆದೊಯ್ದ. ಅಲ್ಲಿ ಬಂದರಿನ ಮೇಲಿನ ಗುಡ್ಡದಲ್ಲಿ ಹಡಗುಗಳಿಗೆ ದಾರಿ ತೋರಿಸುವ, ಬಿಳಿಯರ ಕಾಲದ ದೊಡ್ಡ ದೀಪವಿದೆ ಎಂದು ಮೊದಲೇ ಹೇಳಿದ್ದು ಅವನ ತಪ್ಪು. ವರ್ಷವರ್ಷವೂ ತಿರುವಣ್ಣಾಮಲೆಯ ಬೆಟ್ಟದ ದೀಪಕ್ಕೆ ತುಪ್ಪ ಕೊಡುವವಳು, ಈ ಬೆಟ್ಟಕ್ಕೆ ಬರಿಗೈಯಲ್ಲಿ ಬರುತ್ತಾಳೆಯೇ? ಸೇಲಂನಿಂದ ಅಲ್ಲಿಯವರೆಗೂ ಡಬ್ಬಿಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದಳು. ಪ್ರತಿ ತಿರುವಿನಲ್ಲೂ ನನ್ನ ಮಗನಿಗೆ ಬೈಗುಳ: "ಮೆಲ್ಲಗೆ ಓಡ್ಸ್ಲಾ, ಚೆಲ್ತೈತೆ!"

ಗೇಟಿನಲ್ಲಿ ಕಾವಲುಗಾರ ತಡೆದ. ಅಲ್ಲಿಂದ ಜಗಳ ನಡೆದದ್ದು ತಮಿಳಿನಲ್ಲಿ. ನಿಮಗೆ ಕನ್ನಡದಲ್ಲಿ ಹೇಳುತ್ತೇನೆ.

"ಅಮ್ಮಾ, ಇದು ಕರೆಂಟ್ ದೀಪ."

"ಕರೆಂಟ್ ಓದ್ರೆ?"

"ಜನರೇಟರ್ ಐತೆ."

"ಅದು ಕೆಟ್ರೆ?"

"ಬ್ಯಾಟರಿ."

"ಅದೂ ಸತ್ರೆ?"

ಅವನು ತಲೆ ಕೆರೆದುಕೊಂಡ. "ನಮ್ ತಾತನ ಕಾಲದಾಗೆ ಎಣ್ಣೇಲೇ ಉರೀತಿತ್ತಂತೆ," ಎಂದ ಪಾಪಿ!

"ನೋಡ್ದಾ ಅತ್ತಿಗೆ? ನಾನೇಳ್ಲಿಲ್ವಾ?" ಎಂದು ಡಬ್ಬಿ ಎತ್ತಿಕೊಂಡು ಇವಳು ಮೆಟ್ಟಿಲು ಹತ್ತಿಯೇಬಿಟ್ಟಳು. ಅವಳನ್ನು ಹಿಡಿಯಲು ನಾವೆಲ್ಲ ಹಿಂದೆಯೇ ಹತ್ತಿದೆವು. ಸುತ್ತಿ ಸುತ್ತಿ ಏರುವ ಆ ಮೆಟ್ಟಿಲು ಕಟ್ಟಿದವನ ಮಂಡಿ ಮುರಿಯಲಿ! ಮೇಲೆ ಗಾಳಿಯೋ ಗಾಳಿ. ದೀಪದ ಸುತ್ತ ಆಳೆತ್ತರದ ಗಾಜು, ತುಪ್ಪ ಸುರಿಯಲು ಒಂದು ಬೆರಳಿನಷ್ಟೂ ಜಾಗವಿಲ್ಲ. ಇವಳ ಮುಖ ಇಳಿದುಹೋಯಿತು. ಆಮೇಲೆ ಕೆಳಗಿನ ಬಂದರು ತೋರಿಸಿದಳು.

"ದೋಣಿ ಕಾಣ್ತೈತಾ ಅತ್ತಿಗೆ?"

"ಯಾಕ್ ಕಾಣಲ್ಲ? ನಾಕೈತೆ."

ಮೊಮ್ಮಗಳು ಕಿಸಕ್ಕೆಂದಳು. "ಅಜ್ಜೀ, ಅದು ಬಂಡೆ! ದೋಣಿ ಈ ಕಡೆ ಐತೆ, ರಾಶಿ ರಾಶಿ!"

ಎಲ್ಲರೂ ನಕ್ಕರು. ಎಲ್ಲದಕ್ಕೂ ನಗುವ ನಾದಿನಿ ಮಾತ್ರ ನಗಲಿಲ್ಲ. ಅದೇ ನನಗೆ ಸಿಟ್ಟು ತರಿಸಿದ್ದು.

ಕೆಳಗಿಳಿದಾಗ ಕಾವಲುಗಾರನಿಗೇ ಕನಿಕರ ಬಂತು. ಅವನ ಕೋಣೆಯಲ್ಲಿ ಮುರುಗನ ಪಟ, ಮುಂದೆ ಒಂದು ಹಣತೆ. "ಇದಕ್ಕೆ ಹಾಕಮ್ಮಾ, ಇದೂ ಇದೇ ಬೆಟ್ಟದ ದೀಪ," ಎಂದ. ನಾದಿನಿ ಸೊಂಟದ ಗಂಟಿನಿಂದ ಬತ್ತಿಗೆಂದು ತಂದ ಎಳೆಗಳನ್ನು ತೆಗೆದು, ಹೊಸೆಯಲು ನನ್ನ ಕೈಗೆ ಕೊಟ್ಟಳು. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಗೊತ್ತಾಯಿತು. ನನ್ನ ಸೀರೆಯ ನೂಲು.

"ಯಾಕ್ಲೇ, ನನ್ ಮಗ್ಗಕ್ಕೆ ಕೈ ಆಕ್ದೆ?"

"ಉಳಿದಿದ್ ತುಂಡು ನೂಲು ಕಣತ್ತಿಗೆ. ನಿನ್ ಕಣ್ಗೆ ಅರ್ಕೆ ಒತ್ತಿದ್ದೆ. ದೊಡ್ ದೀಪಕ್ಕೇ ಕೊಡ್ತೀನಂತ." ಬತ್ತಿ ಹಚ್ಚಿ, ಮಿಕ್ಕ ತುಪ್ಪವನ್ನೆಲ್ಲ ಕಾವಲುಗಾರನ ಪಾತ್ರೆಗೆ ಸುರಿದಳು. "ಒಬ್ಳೇ ಕುಂತು ನೇಯಾಕೆ ಬ್ಯಾಸ್ರ ಆಗ್ತೈತೆ."

ಖಾಲಿ ಡಬ್ಬಿಯನ್ನು ಅವಳ ಕೈಯಿಂದ ಕಿತ್ತುಕೊಂಡು ನಾನೇ ಮೊದಲು ವ್ಯಾನ್ ಹತ್ತಿದೆ.

ಮಾರನೆಯ ಬೆಳಿಗ್ಗೆ ಸೇಲಂನಲ್ಲಿ ಇಳಿದವಳೇ ಆ ಖಾಲಿ ಡಬ್ಬಿ ತೊಳೆದು, ಇಡ್ಲಿ ತುಂಬಿಕೊಂಡು, ಬಾಗಿಲು ತೆರೆಯುವ ಮೊದಲೇ ಕಣ್ಣಾಸ್ಪತ್ರೆಯ ಸಾಲಿನಲ್ಲಿ ಹೋಗಿ ಕೂತೆ.