ಬೀಗರಿಗೊಂದಿಷ್ಟು ತಣ್ಣನೆ ಗಾಳಿ

ಬೆಂಗಳೂರಿನಲ್ಲಿ ಕಾರಿನ ಎ.ಸಿ. ವಿಷಯ ಬಂದರೆ ನನ್ನನ್ನು ಮೀರಿಸಿದವರಿಲ್ಲ. ದೊಡ್ಡ ದೊಡ್ಡ ಗ್ಯಾರೇಜಿನವರು ಕೈಚೆಲ್ಲಿದ ಗಾಡಿಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಬಸವನಗುಡಿಯ ನಮ್ಮ ಮನೆ ಮುಂದೆ.

ಸುಳ್ಳು. ನಮ್ಮ ಮನೆ ಮುಂದೆ ನಿಲ್ಲುವುದು ನಮ್ಮದೇ ಹಳೇ ಕಾರು ಒಂದೇ. ಅದನ್ನು ರಿಪೇರಿ ಮಾಡಿ ಮಾಡಿ ಈಗ ಅದಕ್ಕೂ ನನಗೂ ಮುಖ ಕೊಟ್ಟು ಮಾತಾಡುವ ಹಾಗಿಲ್ಲ. ಇಂಥ ಪೇಚಾಟ ಬೇರೆಯವರಿಗೆ ಜನ್ಮಕ್ಕೊಂದು ಸಲ ಆಗುತ್ತೆ. ನನಗೆ ಹಲ್ಲುಜ್ಜಿದಷ್ಟೇ ನಿಯಮಿತವಾಗಿ ಆಗುತ್ತಿರುತ್ತೆ.

ಈ ಬೇಸಿಗೆಯದ್ದನ್ನೇ ಕೇಳಿ. ನನ್ನ ಮಗಳು ತಾನೇ ಒಬ್ಬ ಹುಡುಗನನ್ನು ಒಪ್ಪಿಕೊಂಡಳು. ಹುಡುಗ ಚಿನ್ನದಂಥವನು. ಅವನ ಅಪ್ಪ ಅಮ್ಮ ವೈಯಾಲಿಕಾವಲ್‌ನವರು, ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಒಂದು ಸಲ ನಿಮ್ಮ ಮನೆ, ಮನೆಯವರು ಎಲ್ಲ ನೋಡಿಕೊಂಡು ಹೋಗುತ್ತೇವೆ, ಆಮೇಲೆ ಹೇಳುತ್ತೇವೆ ಎಂದರು. ನಮ್ಮ ಕಾರಿನಲ್ಲೇ ಕರೆದುಕೊಂಡು ಬರುವುದು ಮರ್ಯಾದೆ ಎಂದಳು ನನ್ನ ಹೆಂಡತಿ. ಹುಡುಗನ ತಾಯಿಗೆ ಸೆಕೆ ಒಂಚೂರೂ ತಡೆಯಲ್ಲ, ಎ.ಸಿ. ಇರಲೇಬೇಕು ಎಂದಳು ಮಗಳು. ಸರಿಯಾಗಿ ಆಗಲೇ ಕಾರಿನ ಬ್ಲೋವರು ಕೈಕೊಟ್ಟಿತು. ಬ್ಲೋವರು ಅಂದರೆ ಎ.ಸಿ.ಯ ತಂಪನ್ನೂ ಹೀಟರಿನ ಬಿಸಿಯನ್ನೂ ಒಳಕ್ಕೆ ಊದುವ ಫ್ಯಾನು. ಅದು ತಿರುಗದಿದ್ದರೆ ಎ.ಸಿ. ಇದ್ದೂ ಇಲ್ಲದ ಹಾಗೆ.

ಮನೆಯಲ್ಲೇ ನಾನೇ ಸರಿ ಮಾಡುತ್ತೇನೆ ಎಂದೆ. ಯಾರೂ ಬೇಡ ಅನ್ನಲಿಲ್ಲ, ಸರಿ ಅನ್ನಲೂ ಇಲ್ಲ. ನನ್ನ ಮಾತಿಗೆ ನಮ್ಮ ಮನೆಯಲ್ಲಿರುವ ಬೆಲೆ ಅಷ್ಟೇ.

ಒದೆತ

ಮೊದಮೊದಲು ಫ್ಯಾನು ಪೂರ್ತಿ ಸತ್ತಿರಲಿಲ್ಲ. ಎಡಗಡೆ ಡ್ಯಾಶ್‌ಬೋರ್ಡಿನ ಕೆಳಗೆ, ಒಂದೇ ಒಂದು ಜಾಗದಲ್ಲಿ ಒದ್ದರೆ ತಿರುಗುತ್ತಿತ್ತು. ಆ ಜಾಗ ನನ್ನ ಕಾಲಿಗೆ ಎಟುಕುವುದಿಲ್ಲ, ಪಕ್ಕದ ಸೀಟಿನವರ ಹಿಮ್ಮಡಿಗೇ ಎಟುಕಬೇಕು. ಹಾಗಾಗಿ ಆ ಕೆಲಸ ಹೆಂಡತಿಗೆ ಬಂತು.

ಒಂದು ಮಧ್ಯಾಹ್ನ ಟೌನ್ ಹಾಲ್ ಸಿಗ್ನಲ್ಲಿನಲ್ಲಿ ಫ್ಯಾನು ನಿಂತಿತು. ನಾನು ಒದಿ ಎಂದೆ. ಅವಳು ಒದ್ದಳು. ಇನ್ನೂ ಜೋರಾಗಿ ಎಂದೆ. ಅವಳು ಸೆರಗಿನಿಂದ ಮುಖದ ಬೆವರು ಒರೆಸಿಕೊಂಡು ಇನ್ನೂ ಜೋರಾಗಿ ಒದ್ದಳು. ಇದನ್ನೆಲ್ಲ ನೋಡುತ್ತಿದ್ದ ಟ್ರಾಫಿಕ್ ಪೊಲೀಸಿನವನಿಗೆ ಅದು ಬೆವರಲ್ಲ, ಕಣ್ಣೀರು ಅನ್ನಿಸಿರಬೇಕು. ಹತ್ತಿರ ಬಂದು ಗಾಜು ತಟ್ಟಿ, ನನ್ನನ್ನು ಬಿಟ್ಟು ಅವಳನ್ನೇ ಕೇಳಿದ.

"ಏನಮ್ಮಾ, ಇವ್ರು ಏನಾದ್ರೂ ತೊಂದ್ರೆ ಕೊಡ್ತಿದಾರಾ?"

"ಮದುವೆ ಆದಾಗಿಂದ" ಎಂದಳು.

ಅವನು ನನ್ನ ಲೈಸೆನ್ಸ್ ಕೇಳಲಿಲ್ಲ. ಅವಳ ಕಾಲನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, ಸಿಗ್ನಲ್ ಇನ್ನೂ ಕೆಂಪಿರುವಾಗಲೇ ನಮ್ಮನ್ನು ಕಳಿಸಿಕೊಟ್ಟ.

ಕಾಲಿನ ಗುರುತು

ಒದ್ದರೂ ತಿರುಗದ ದಿನ ಬಂತು. ಇನ್ನು ಬಿಚ್ಚಲೇಬೇಕು. ಈ ಬ್ಲೋವರನ್ನು ಕೂರಿಸಿದ ಪುಣ್ಯಾತ್ಮ ಅದನ್ನು ಮನುಷ್ಯರು ಬಿಚ್ಚಬಹುದು ಅಂತ ಯೋಚಿಸಿದ ಹಾಗಿಲ್ಲ. ಕಾರಿನ ನೆಲಕ್ಕೆ ಬೆನ್ನು ಹಾಕಿ, ತಲೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ತೂರಿಸಿ, ಕಾಲೆರಡನ್ನೂ ಬಾಗಿಲ ಹೊರಗೆ ರಸ್ತೆಗೆ ಚಾಚಿ ಮಲಗಬೇಕು. ಬಾಯಲ್ಲಿ ಟಾರ್ಚು, ಕೈಯಲ್ಲಿ ಸ್ಕ್ರೂ ಡ್ರೈವರ್. ಬಿಚ್ಚಿದ ಸ್ಕ್ರೂ ಎಲ್ಲ ನೇರ ಮೂಗಿನ ಮೇಲೆ.

ಹೀಗೆ ಮಲಗಿದ್ದಾಗ ಕೊರಿಯರಿನವನು ಯಾವುದೋ ವಿಳಾಸ ಕೇಳಿದ್ದು ಕೇಳಿಸಿತು. ಎದುರುಮನೆಯ ರಿಟೈರ್ಡ್ ಮೇಷ್ಟ್ರು ಗೇಟಿನಲ್ಲೇ ನಿಂತು ಹೇಳುತ್ತಿದ್ದರು:

"ಅಲ್ಲಿ ಎರಡು ಕಾಲು ಕಾಣ್ತಿದೆ ನೋಡಪ್ಪ, ಅದರ ಪಕ್ಕದ ಗೇಟು."

ಸಂಜೆ ಹೊತ್ತಿಗೆ ಗ್ಯಾಸಿನವನು, ಹೂವಿನವಳು, ಪಕ್ಕದ ಮನೆಗೆ ಬಾಡಿಗೆ ಕೇಳಲು ಬಂದವರು, ಎಲ್ಲರಿಗೂ ನನ್ನ ಕಾಲೇ ಗುರುತು. ಬೀದಿಯವರಿಗೆ ಉಪಕಾರವಾಗಲಿ ಅಂತ ನಾನೂ ಹೆಚ್ಚು ಅಲ್ಲಾಡಿಸಲಿಲ್ಲ.

ಮಾರನೆಯ ದಿನ ನಾನು ಒಳಗೆ ಊಟಕ್ಕೆ ಕೂತಿದ್ದೆ. ಬೆಲ್ಲು ಬಾರಿಸಿದ ಆ ಕೊರಿಯರಿನವನಿಗೆ ಸಿಟ್ಟು ಬಂದಿತ್ತು. "ಏನ್ ಸಾರ್, ಕಾಲು ತೆಗೆಯೋದಾದ್ರೆ ಒಂದು ಮಾತು ಹೇಳ್ಬಾರ್ದಾ? ಎರಡು ಸುತ್ತು ಹೊಡೆದೆ" ಎಂದ.

ರಕ್ಷೆ

ಕೊನೆಗೂ ಬ್ಲೋವರು ಕೈಗೆ ಬಂತು. ಒಳಗೆ ನೋಡಿದರೆ ಅದು ಫ್ಯಾನಲ್ಲ, ದೇವರ ಮಂಟಪ. ಅಕ್ಷತೆ, ಒಣಗಿದ ಸೇವಂತಿಗೆ ಎಸಳು, ಗಟ್ಟಿಯಾಗಿ ಕೂತ ಕುಂಕುಮ, ಅರ್ಧ ಉರಿದ ಊದಿನಕಡ್ಡಿ. ಪ್ರತಿ ವರ್ಷ ಆಯುಧ ಪೂಜೆಯ ದಿನ ನಮ್ಮಮ್ಮ ಕಾರಿನ ಮುಂದಿನ ಗಾಜಿಗೆ ಅರ್ಚನೆ ಮಾಡುತ್ತಾರೆ. ಅಮ್ಮನದು ಧಾರಾಳದ ಕೈ. ಸುರಿದದ್ದೆಲ್ಲ ವೈಪರಿನ ಕೆಳಗಿರುವ ಸಂದಿಯಿಂದ ಒಳಕ್ಕಿಳಿದು, ವರ್ಷ ವರ್ಷವೂ ಜಮಾಯಿಸಿ, ಈ ವರ್ಷ ಫ್ಯಾನನ್ನು ಹಿಡಿದು ನಿಲ್ಲಿಸಿತ್ತು.

ನಾನು ಅದನ್ನು ಕಸದ ಬುಟ್ಟಿಗೆ ಹಾಕಲು ಹೋದೆ. ಅಮ್ಮ ಕೈ ಹಿಡಿದರು. ತಟ್ಟೆ ತಂದು ಎಲ್ಲ ಬಳಿದುಕೊಂಡು ತುಳಸಿ ಕಟ್ಟೆಗೆ ಹಾಕಿ ಬಂದರು. ಬಂದು ಖಾಲಿ ಬ್ಲೋವರನ್ನು ನೋಡಿ ನಿಟ್ಟುಸಿರಿಟ್ಟರು.

"ಇಷ್ಟು ವರ್ಷ ಈ ಗಾಡಿ ಎಲ್ಲೂ ಗುದ್ದದೆ ಇದ್ದಿದ್ದು ಇದರಿಂದಲೇ ಕಣೋ. ರಕ್ಷೇನೇ ತೆಗೆದುಬಿಟ್ಟೆಯಲ್ಲ" ಎಂದರು.

ಗುದ್ದಿದ್ದನ್ನೆಲ್ಲ ಅಮ್ಮನಿಗೆ ಹೇಳಿರಲಿಲ್ಲ.

ಸಂಡಿಗೆ

ಎಲ್ಲ ತೊಳೆದು ಒರೆಸಿ ಮತ್ತೆ ಕೂರಿಸಿದೆ. ಸ್ವಿಚ್ಚು ಹಾಕಿದರೆ ಫ್ಯಾನು ಭರ್ರೋ ಎಂದು ತಿರುಗಿತು. ಎಂಥಾ ಗಾಳಿ ಅಂತೀರಿ! ಆದರೆ ಬಿಸಿ. ಗುಂಡಿಯನ್ನು ನೀಲಿ ಕಡೆ ತಿರುಗಿಸಿದರೂ ಬಿಸಿ, ಕೆಂಪು ಕಡೆ ತಿರುಗಿಸಿದರೂ ಬಿಸಿ. ಕೂರಿಸುವಾಗ ಯಾವುದೋ ತಂತಿ ಕಳಚಿಕೊಂಡು ಹೀಟರಿನ ಬಾಗಿಲು ತೆರೆದೇ ನಿಂತುಬಿಟ್ಟಿತ್ತು. ಇದೇ ಕೆಲಸವನ್ನು ಊಟಿಯಲ್ಲಿ ಮಾಡಿದ್ದರೆ ಶಾಲು ಹೊದಿಸುತ್ತಿದ್ದರು. ನಾನು ಮಾಡಿದ್ದು ಬಸವನಗುಡಿಯಲ್ಲಿ, ಮೇ ತಿಂಗಳಲ್ಲಿ.

ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಇದ್ದಕ್ಕಿದ್ದಂತೆ ಮೋಡ ಕವಿದು ಮಳೆ ಹನಿಯಿತು. ಟೆರೇಸಿನ ಮೇಲೆ ಅಮ್ಮ ಹಾಕಿದ್ದ ಅರಳು ಸಂಡಿಗೆ. ಅಮ್ಮ ಅದನ್ನು ಪಂಚೆ ಸಮೇತ ಎತ್ತಿಕೊಂಡು ಬಂದವರೇ ಕಾರಿನ ಹಿಂದಿನ ಸೀಟಿನಲ್ಲಿ ಹರಡಿ, ಬಾಗಿಲು ಹಾಕಿ, ಇಂಜಿನ್ ಆಫ್ ಮಾಡಬೇಡ ಎಂದು ಹೇಳಿ ಹೋದರು.

ಮೇಷ್ಟ್ರು ಛತ್ರಿ ಹಿಡಿದು ಬಂದು ಎಲ್ಲಿಗೆ ಹೊರಟಿರಿ ಎಂದರು. ಎಲ್ಲಿಗೂ ಇಲ್ಲ ಸಾರ್, ಸಂಡಿಗೆ ಒಣಗಿಸ್ತಿದೀನಿ ಎಂದೆ. ನಗುತ್ತಾರೆ ಅಂದುಕೊಂಡೆ. ಅವರು ಬಗ್ಗಿ ಒಳಗೆ ನೋಡಿ, ಮನೆಗೆ ಹೋಗಿ, ಹಪ್ಪಳದ ಮೊರ ಹಿಡಿದುಕೊಂಡು ವಾಪಸ್ ಬಂದರು.

"ಮುಂದಿನ ಸೀಟು ಖಾಲಿ ಇದೆಯಲ್ಲ" ಎಂದರು.

ಅರಿಶಿನ ಕುಂಕುಮ

ಮತ್ತೆ ಕಾಲು ಚಾಚಿ ಮಲಗಿ, ಆ ತಂತಿ ಹುಡುಕಿ ಸಿಕ್ಕಿಸಿದೆ. ಬೀಗರು ಬರುವ ಹಿಂದಿನ ಸಂಜೆ ತಣ್ಣನೆ ಗಾಳಿ ಬಂತು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಹೆಂಡತಿ ಮೊದಲ ಸಲ ನನ್ನ ಮುಖವನ್ನು ಮನುಷ್ಯರ ಮುಖದ ಹಾಗೆ ನೋಡಿದಳು. ಮಗಳು ಮಾತ್ರ ಪಕ್ಕಕ್ಕೆ ಕರೆದಳು. ನಾದಿನಿಯ ಮದುವೆಯಲ್ಲಿ ಬೀಗರ ಎಲೆಗೆ ಹತ್ತಿ ತುಂಬಿದ ಬಜ್ಜಿ ಬಡಿಸಿದವನು ನಾನು ಅಂತ ಅವಳಿಗೆ ಯಾರೋ ಹೇಳಿದ್ದಾರೆ. ಯಾರೋ ಏನು, ನಾನೇ ಹೇಳಿದ್ದು.

"ಅಪ್ಪಾ, ನಾಳೆ ಒಂದು ದಿನ ನಿನ್ನ ಆಟ ಯಾವುದೂ ಬೇಡ. ಅವರು ಸುಮ್ಮನೆ ಒಪ್ಪೋರಲ್ಲ. ಪ್ಲೀಸ್."

ಅವಳ ತಲೆ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ಇದೊಂದನ್ನು ನೀವು ನಂಬಬೇಕು.

ಬೆಳಿಗ್ಗೆ ನಾನೂ ಹೆಂಡತಿಯೂ ಹೊರಟೆವು. ಹೋಗುವಾಗ ಎ.ಸಿ. ಹಾಕಬೇಡಿ, ಅವರು ಕೂತ ಮೇಲೇ ಹಾಕಿ ಎಂದಳು. ಹೊಸ ಸೀರೆ ಮನೆಯಲ್ಲಿ ಉಡುತ್ತಾರೆಯೇ, ಹಾಗೆ. ಕಿಟಕಿ ಇಳಿಸಿಕೊಂಡು ಬೇಯುತ್ತಾ ವೈಯಾಲಿಕಾವಲ್ ಸೇರಿದೆವು. ಬೀಗರು ಬಿಳಿ ಪಂಚೆ, ಬಿಳಿ ಷರ್ಟು; ಸಂಪೂರ್ಣ ಬೋಳು ತಲೆ; ನಗದ ಮುಖ. ಅವರನ್ನು ಮುಂದೆ ಕೂರಿಸಿದೆ. ಬೀಗಿತ್ತಿ ಹಿಂದೆ, ನನ್ನ ಹೆಂಡತಿಯ ಪಕ್ಕ. ಗಾಳಿಯೆಲ್ಲ ಅವರಿಗೇ ಹೋಗಲಿ ಅಂತ ನನ್ನ ಕಡೆಯ ಗಾಳಿ ಕಿಂಡಿ ಮುಚ್ಚಿದೆ. ಅತಿಥಿ ಸತ್ಕಾರ ಅಂದರೆ ಅದು. ಕಿಟಕಿಗಳನ್ನು ಏರಿಸಿ, ಇನ್ನು ನೋಡಿ ಸಾರ್ ಎಂದು ಫ್ಯಾನನ್ನು ಒಂದೇ ಸಲಕ್ಕೆ ಪೂರ್ತಿ ತಿರುಗಿಸಿದೆ.

ಕಾರಿನೊಳಗೆ ಮೊದಲು ಹಳದಿ ಮೋಡ, ಆಮೇಲೆ ಕೆಂಪು ಮೋಡ. ಸ್ವಲ್ಪ ಹೊತ್ತು ಯಾರಿಗೂ ಯಾರೂ ಕಾಣಲಿಲ್ಲ. ಕಿಟಕಿ ಇಳಿಸಿ, ತಿಳಿಯಾದ ಮೇಲೆ ಪಕ್ಕಕ್ಕೆ ನೋಡಿದರೆ, ಬೀಗರು ಬೋಳು ತಲೆಯಿಂದ ಮೂಗಿನವರೆಗೆ ಹಳದಿ, ಮೂಗಿನಿಂದ ಕೆಳಗೆ ಕೆಂಪು. ಪಂಚೆಯ ಮೇಲೆ ಅಕ್ಷತೆ. ಪಕ್ಕದಲ್ಲಿ ನಿಂತಿದ್ದ ಆಟೋದವನು ಕತ್ತು ಚಾಚಿ, "ಏನ್ ಸಾರ್, ಈ ವರ್ಷ ರಾಜ್ಯೋತ್ಸವ ಮೇ ತಿಂಗಳಲ್ಲೇನಾ?" ಎಂದ.

ಮಗಳ ಮದುವೆ ಅಲ್ಲೇ ಮುಗಿಯಿತು ಅಂದುಕೊಂಡೆ. ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದೆ. ಬೀಗಿತ್ತಿ ಕೆನ್ನೆಯ ಅರಿಶಿನವನ್ನು ಬೆರಳಲ್ಲಿ ಮುಟ್ಟಿ ನೋಡಿಕೊಂಡರು. ಮಡಿಲಿನ ಕುಂಕುಮ ಚಿಟಿಕೆಯಲ್ಲಿ ತೆಗೆದು ತಾಳಿಗೆ ಇಟ್ಟುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿದರು.

"ಎಲ್ಲರ ಮನೇಲಿ ಹೊರಡುವಾಗ ಅರಿಶಿನ ಕುಂಕುಮ ಕೊಡ್ತಾರೆ. ನಿಮ್ಮಲ್ಲಿ ಮನೆ ತಲುಪೋಕೆ ಮುಂಚೇನೇ ಕೊಡ್ತೀರಲ್ಲ" ಎಂದು ನಗತೊಡಗಿದವರು ನಮ್ಮ ಗೇಟಿನವರೆಗೂ ನಿಲ್ಲಿಸಲಿಲ್ಲ. ಬೀಗರೂ ಮೆಜೆಸ್ಟಿಕ್ ಹತ್ತಿರ ಸೋತು ನಕ್ಕರು. ಇಂಥಾ ತಮಾಷೆ ಮನುಷ್ಯ ಬೀಗನಾದರೆ ಹೊತ್ತು ಹೋಗುವುದಕ್ಕೆ ಚಿಂತೆಯಿಲ್ಲ ಎಂದರು. ಮದುವೆ ಅಂದೇ ನಿಶ್ಚಯವಾಯಿತು.

ನಾನು ಮಾಡಿದ್ದಲ್ಲ ಅಂತ ಎಲ್ಲರಿಗೂ ಹೇಳಿದೆ. ಹೇಳಿದಷ್ಟೂ ಬೀಗರು ತೊಡೆ ತಟ್ಟಿ ನಕ್ಕರು. ಹೆಂಡತಿ ಸೀರೆ ಕೊಡವಿಕೊಂಡು ಒಳಗೆ ಹೋದಳು. ಮಗಳು ಕಾರಿನ ಒಳಗೆ ಇಣುಕಿ ನೋಡಿ ಒಂದೇ ಪ್ರಶ್ನೆ ಕೇಳಿದಳು.

"ಮತ್ತೆ ನಿನ್ನ ಕಡೆ ಕಿಂಡಿ ಮಾತ್ರ ಯಾಕಪ್ಪಾ ಮುಚ್ಚಿತ್ತು?"

ಅವರೆಲ್ಲ ಹೋದ ಮೇಲೆ ಅಡುಗೆಮನೆಯಲ್ಲಿ ಅಮ್ಮನನ್ನು ಹಿಡಿದೆ. ಅಮ್ಮ ಮುಚ್ಚಿಡಲಿಲ್ಲ. ಬೀಗರನ್ನು ಕರೆತರುವ ಗಾಡಿ, ರಕ್ಷೆಯಿಲ್ಲದೆ ಹೇಗೆ ಕಳಿಸಲಿ? ನಾನು ಸ್ನಾನಕ್ಕೆ ಹೋದಾಗ ಆ ಗಾಳಿ ಕಿಂಡಿಗಳೊಳಗೇ ಅರಿಶಿನ, ಕುಂಕುಮ, ಅಕ್ಷತೆ ಒಂದೊಂದು ಹಿಡಿ ಹಾಕಿದರಂತೆ. ಹಾಗಾದರೆ ಎಲ್ಲರೆದುರು ಹೇಳಬಾರದಿತ್ತಾ ಎಂದೆ. ಅಮ್ಮ ಸೌಟು ಕೆಳಗಿಟ್ಟರು.

"ನೀನು ಮಾಡಿದೆ ಅಂದ್ರೆ ನಗ್ತಾರೆ. ನಾನು ಮಾಡಿದೆ ಅಂದ್ರೆ ಮುದುಕಿಗೆ ಅರುಳು ಮರುಳು ಅಂತಾರೆ. ನೀನೇ ಇಟ್ಕೋ."

ಇಟ್ಟುಕೊಂಡೆ. ಮಗಳು ಇವತ್ತಿಗೂ ನನ್ನ ಜೊತೆ ನೆಟ್ಟಗೆ ಮಾತಾಡುವುದಿಲ್ಲ. ಬೀಗರು ಫೋನ್ ಮಾಡಿದಾಗಲೆಲ್ಲ, ಮದುವೆಯಲ್ಲಿ ಏನು ಪ್ಲಾನು ಅಂತ ಪಿಸುಗುಟ್ಟುತ್ತಾರೆ. ಜೀವಮಾನದಲ್ಲಿ ಒಂದೇ ಒಂದು ಸಲ ಮರ್ಯಾದಸ್ಥನಾಗಿದ್ದೆ, ಅದಕ್ಕೆ ಸಾಕ್ಷಿ ಇಲ್ಲ. ನಂಬಿ ಕೇಳಿಸಿಕೊಂಡವರು ನೀವೊಬ್ಬರೇ.

ನಂಬಿದಿರಿ ತಾನೇ? ಹಾಗಾದರೆ ಇದನ್ನೂ ನಂಬಿ, ಪರ್ಸು ಮನೆಯಲ್ಲೇ ಬಿಟ್ಟು ಬಂದಿದೀನಿ. ನನ್ನ ಟೀ ದುಡ್ಡೂ ನೀವೇ ಕೊಟ್ಟುಬಿಡಿ ಗುರುವೇ.