ಹೊಗೆ ನೋಡಿ ಒತ್ತಬೇಕಿತ್ತು

ನನ್ನ ಮೊಬೈಲ್ ಸದ್ಯ ನಮ್ಮ ಮನೆಯ ಜೋಳದ ಡಬ್ಬಿಯಲ್ಲಿದೆ. ಅದರ ಮೇಲೆ ಸಜ್ಜೆಯ ಡಬ್ಬಿ, ಅದರ ಮೇಲೆ ನನ್ನ ಹೆಂಡತಿ ಸುಜಾತಾಳ ಕಣ್ಣು. ಪೇಪರಿಗೆ ಸುದ್ದಿ ಕಳಿಸಬೇಕಾದರೆ ಅವಳೇ ಡಬ್ಬಿಯಿಂದ ತೆಗೆದು, ಸೆರಗಿನಿಂದ ಒರೆಸಿ ಕೊಡುತ್ತಾಳೆ. ಕಳಿಸಿ ಮುಗಿದ ಕೂಡಲೇ ವಾಪಸು ಇಸಿದುಕೊಳ್ಳುತ್ತಾಳೆ. ಉಳಿದ ಹೊತ್ತಿಗೆ ನನ್ನ ಜೇಬಿನಲ್ಲಿರುವುದು ಗುಂಡಿ ಒತ್ತುವ ಹಳೆಯ ಫೋನು. ಪತ್ರಿಕಾರಂಗವೆಂದರೆ ಪ್ರಜಾಪ್ರಭುತ್ವದ ನಾಲ್ಕನೇ ಕಂಬ ಎನ್ನುತ್ತಾರೆ. ಕೊಟ್ಟೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ನಿಂತಿದ್ದ ಆ ಕಂಬವನ್ನು ಜೋಳದಲ್ಲಿ ಹೂಳಲಾಗಿದೆ.

ಇದಕ್ಕೆ ಕಾರಣ ನನ್ನ ಹೆಂಡತಿಯ ತಮ್ಮ ಹುಲುಗೇಶ. ಹಾಗಂತ ನಾನು ಬಹಳ ದಿನ ಹೇಳಿಕೊಂಡು ತಿರುಗಿದೆ. ಈಗ ಹೇಳುವುದಿಲ್ಲ.

ಹುಲುಗೇಶನಿಗೆ ನಲವತ್ತೊಂದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವನು ನಮ್ಮೂರ ಹೈಸ್ಕೂಲ್ ಮೈದಾನದಲ್ಲಿ ನೂರು ಮೀಟರನ್ನು ಹತ್ತು ಪಾಯಿಂಟ್ ಆರು ಸೆಕೆಂಡಿನಲ್ಲಿ ಓಡಿದ. ಆ ದಾಖಲೆಯನ್ನು ಈ ಭಾಗದಲ್ಲಿ ಇನ್ನೂ ಯಾರೂ ಮುರಿದಿಲ್ಲ. ಜಿಂಕೆಯಂತೆ ಓಡುತ್ತಾನೆಂದು ಅವನಿಗೆ ‘ಕೊಟ್ಟೂರಿನ ಚಿಗರಿ’ ಎಂದು ಹೆಸರಾಯಿತು. (ಇಟ್ಟವನು ನಾನೇ. ನಾಲ್ಕು ಕಾಲಂ ಶೀರ್ಷಿಕೆ.) ಹರಪನಹಳ್ಳಿಯವರು ಸುಮ್ಮನಿರಲಿಲ್ಲ. ಹುಡುಗನ ತಾಯಿಯ ತವರು ತಮ್ಮ ತಾಲ್ಲೂಕಿನ ಚಿಗಟೇರಿ, ಅವನು ಹುಟ್ಟಿದ್ದೂ ಅಲ್ಲೇ, ಆದ್ದರಿಂದ ಚಿಗರಿ ತಮ್ಮದು ಎಂದು ಅವರೂ ಒಂದು ಫ್ಲೆಕ್ಸ್ ಕಟ್ಟಿದರು. ಕೂಡ್ಲಿಗಿಯವರು, ಆಗ ಕೊಟ್ಟೂರು ನಮ್ಮ ತಾಲ್ಲೂಕಿನಲ್ಲೇ ಇತ್ತಲ್ಲ ಎಂದರು. ಮೂರು ಊರು ಎಳೆದಾಡಿದ ಆ ಚಿಗರಿ ಈಗ ಏನು ಮಾಡುತ್ತಾನೆಂದರೆ, ರಸ್ತೆ ಗುತ್ತಿಗೆದಾರರೊಬ್ಬರ ಹತ್ತಿರ ರೋಡ್ ರೋಲರ್ ಓಡಿಸುತ್ತಾನೆ. ಅದರ ಮುಂದೆ ಎಮ್ಮೆಗಳು ಸಹ ದಾರಿ ಬಿಡುವುದಿಲ್ಲ. ಅಷ್ಟು ಹೊತ್ತಿನೊಳಗೆ ಮೇಯ್ದು ಹೋಗಬಹುದು ಎಂದು ಅವಕ್ಕೂ ಗೊತ್ತು.

ವರ್ಷಕ್ಕೊಮ್ಮೆ ತಾಲ್ಲೂಕು ಕ್ರೀಡಾಕೂಟದ ಉದ್ಘಾಟನೆಗೆ ಅವನನ್ನು ರೋಲರಿನಿಂದ ಇಳಿಸಿ, ವೇದಿಕೆಗೆ ಹತ್ತಿಸಿ, ಶಾಲು ಹೊದಿಸಿ, ಹತ್ತು ಪಾಯಿಂಟ್ ಆರು ಎಂದು ಮೈಕಿನಲ್ಲಿ ಮೂರು ಸಲ ಹೇಳಿ, ಮತ್ತೆ ರೋಲರಿಗೆ ಕಳಿಸುತ್ತಾರೆ. ಆ ಶಾಲುಗಳಲ್ಲಿ ಒಂದು ನಮ್ಮ ಮನೆಯ ಟಿವಿಯ ಮೇಲಿದೆ, ಒಂದು ಹೊಲಿಗೆ ಮಿಶಿನ್ನಿನ ಮೇಲೆ, ಎರಡು ಮಿಕ್ಸರಿನ ಮೇಲೆ. ಸನ್ಮಾನಕ್ಕೆ ಒಳಗಾಗದ ಸಾಮಾನು ನಮ್ಮ ಮನೆಯಲ್ಲಿ ನಾನೊಬ್ಬನೇ.

ಆದರೆ ಅವನಿಗೆ ಹೆಣ್ಣು ಸಿಗಲಿಲ್ಲ. ಚಿಗರಿಯನ್ನು ನೋಡಲು ಬಂದವರು ರೋಲರನ್ನು ನೋಡಿ ಹೋದರು. ನಾಲ್ಕು ತಾಲ್ಲೂಕಿನ ಮಧ್ಯಸ್ಥಗಾರರು ಮುಗಿದ ಮೇಲೆ, ಯುಗಾದಿ ಕಳೆದ ವಾರ, ಸುಜಾತಾ ರೊಟ್ಟಿ ಬಡಿಯುತ್ತಲೇ ಹೇಳಿದಳು.

“ಮೊಬೈಲಿನ್ಯಾಗ ಜೋಡಿ ಹುಡುಕೋ ಆ್ಯಪ್ ಬಂದಾವಂತಲ್ರಿ. ಊರ ಮಂದಿ ಸುದ್ದಿ ಎಲ್ಲಾ ಬರೀತೀರಿ, ನನ್ನ ತಮ್ಮಂದು ನಾಕು ಸಾಲು ಬರ್ಯಾಕ ಆಗಂಗಿಲ್ಲೇನು?”

ಅದು ಡೇಟಿಂಗ್ ಆ್ಯಪ್, ಮರ್ಯಾದಸ್ಥರು ಅದರಲ್ಲಿ ಇರುವುದಿಲ್ಲ ಎಂದೆ. ಇರುತ್ತಾರೋ ಇಲ್ಲವೋ ನಿಮಗೆ ಹೇಗೆ ಗೊತ್ತು ಎಂದಳು. ಈ ಪ್ರಶ್ನೆಗೆ ಉತ್ತರ ಕೊಡುವ ಗಂಡಸು ಇನ್ನೂ ಹುಟ್ಟಿಲ್ಲ. ಆ್ಯಪ್ ಹಾಕಿಕೊಂಡೆ.

ಹುಲುಗೇಶನ ಫೋನಿಗೆ ಅಷ್ಟು ಶಕ್ತಿ ಇರಲಿಲ್ಲವಾದ್ದರಿಂದ ನನ್ನ ನಂಬರಿನಲ್ಲೇ ಖಾತೆ ತೆರೆದೆವು. ಅವನ ಫೋಟೊ, ನನ್ನ ಬರಹ. ‘ನಿಮ್ಮ ಬಗ್ಗೆ ಸ್ವಲ್ಪ ಹೇಳಿ’ ಎಂದು ಕೇಳಿದ ಜಾಗದಲ್ಲಿ ಸನ್ಮಾನಪತ್ರದ ಧಾಟಿಯಲ್ಲಿ ಇಪ್ಪತ್ತು ಸಾಲು ಬರೆದೆ. ಮೊದಲ ಸಾಲಿನಲ್ಲೇ ಹತ್ತು ಪಾಯಿಂಟ್ ಆರು. ಆ್ಯಪ್ ಮೊದಲು ತೋರಿಸಿದ್ದು ಕೂಡ್ಲಿಗಿಯ ಒಬ್ಬ ಮಹಿಳಾ ಕಾನ್‌ಸ್ಟೆಬಲ್ಲನ್ನು. ಹಿಂದಿನ ತಿಂಗಳಷ್ಟೇ ನಾನು ಅವರ ಹೇಳಿಕೆ ತೆಗೆದುಕೊಂಡಿದ್ದೆ. ಗಾಬರಿಯಲ್ಲಿ ಒಪ್ಪಿಗೆಯ ಕಡೆ ಬೆರಳು ಸರಿಸಿದೆನೋ, ನಿರಾಕರಣೆಯ ಕಡೆಗೋ, ಇವತ್ತಿಗೂ ಕೂಡ್ಲಿಗಿ ಠಾಣೆಯ ಮುಂದೆ ತಲೆ ತಗ್ಗಿಸಿಯೇ ಹೋಗುತ್ತೇನೆ.

ಒಂಬತ್ತನೆಯ ದಿನ ಯಶೋಧರಾ ಸಿಕ್ಕರು. ಮೂವತ್ತೇಳು ವರ್ಷ, ಊರು ಹಡಗಲಿ, ವಸತಿ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ, ಹಿಂದೆ ಇನ್ನೂರು ಮೀಟರ್ ಓಡುತ್ತಿದ್ದವರು. ಮದುವೆಯಾದ ವರ್ಷದಲ್ಲೇ ಗಂಡ ತೀರಿಕೊಂಡಿದ್ದರು.

ಹೆಚ್ಚುಕಡಿಮೆ ಎರಡು ತಿಂಗಳು ಪತ್ರವ್ಯವಹಾರ ನಡೆಯಿತು. ಪ್ರತಿ ಭಾನುವಾರ ಹುಲುಗೇಶ ಬಂದು ಅಡುಗೆಮನೆಯ ಹೊಸ್ತಿಲಿಗೆ ಒರಗಿ ಕೂರುತ್ತಿದ್ದ. ನಾನು ಆಕೆಯ ಸಂದೇಶಗಳನ್ನು ಗಟ್ಟಿಯಾಗಿ ಓದುತ್ತಿದ್ದೆ, ಸುಜಾತಾ ಒಲೆ ಸಣ್ಣ ಮಾಡಿ ಕೇಳುತ್ತಿದ್ದಳು. ಗಂಡ ಹೋದ ಮೇಲೆ ಒಂದು ವರ್ಷ ಕೊರಳಿಗೆ ಸೀಟಿ ಹಾಕಿಕೊಳ್ಳಲಿಲ್ಲ, ಊದಲು ಉಸಿರೇ ಬರುತ್ತಿರಲಿಲ್ಲ ಎಂದು ಆಕೆ ಬರೆದದ್ದನ್ನು ಓದಿದ ದಿನ ಹುಲುಗೇಶ ಊಟ ಮಾಡದೆ ಎದ್ದು ಹೋದ.

ಉತ್ತರಕ್ಕೆ ಅವನೂ ಏನಾದರೂ ಹೇಳುತ್ತಿದ್ದ. ಮಾತೂ ರೋಲರಿನ ವೇಗದ್ದೇ. ಒಂದು ಸಲ ಹೀಗೆಂದ.

“ಮಾವ, ಇವತ್ತು ರೋಲರ್ ಮುಂದ ಒಂದು ಆಮಿ ಬಂದಿತ್ತು. ಇಳಿದು, ಎತ್ತಿ ಆಚಿ ಬಿಟ್ಟೆ. ಅವಸರ ಇದ್ದಿದ್ದು ಅದಕ್ಕ, ನನಗಲ್ಲ ಅಂತ ಬರೀರಿ.”

ಓಟಗಾರನೊಬ್ಬ ಆಮೆಯ ಬಗ್ಗೆ ಬರೆಯುವುದೇ? ನಾನು ಹೀಗೆ ಬರೆದೆ: ‘ನಿಸರ್ಗದ ಮಡಿಲಲ್ಲಿ, ಕರ್ತವ್ಯದ ಪಥದಲ್ಲಿ, ಮೌನವೇ ನನ್ನ ಸಂಗಾತಿ.’ ಓದಿ ಹೇಳಿದಾಗ ಅವನು ಚಲೋ ಐತ್ರಿ ಎಂದ. ಅವನು ನನ್ನ ಯಾವ ಬರಹಕ್ಕೂ ಬೇರೆ ಅಭಿಪ್ರಾಯ ಹೇಳಿದವನಲ್ಲ.

ಮೇ ತಿಂಗಳ ಕೊನೆಯ ಭಾನುವಾರ ಆಕೆ ಕೊಟ್ಟೂರಿಗೆ ಬರುತ್ತೇನೆಂದರು. ಸುಜಾತಾ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿದಳು. ಶಾಲುಗಳನ್ನೆಲ್ಲ ಒಗೆದು ಮತ್ತೆ ಹೊದಿಸಿದಳು. ಹುಲುಗೇಶ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಆಕೆ ಎತ್ತರದ, ಸಣಕಲು, ನೇರ ಬೆನ್ನಿನ ಹೆಂಗಸು. ಕುಶಲ ಕೇಳಿ, ಬಜ್ಜಿ ತಿಂದು, ಕೈ ಒರೆಸಿಕೊಂಡು ಮೊದಲನೆಯ ಪ್ರಶ್ನೆ ಕೇಳಿದರು.

“ಹತ್ತು ಪಾಯಿಂಟ್ ಆರು. ಅವತ್ತು ವಾಚ್ ಹಿಡಿದಿದ್ದು ಯಾರು?”

ಇಲ್ಲಿ ಇಪ್ಪತ್ತೆರಡು ವರ್ಷ ಹಿಂದಕ್ಕೆ ಹೋಗಬೇಕು. ಅವತ್ತು ಸಮಯ ನೋಡುವ ಮಾಸ್ತರರಲ್ಲಿ ಒಬ್ಬರು ಊಟಕ್ಕೆ ಹೋಗಿದ್ದರು. ಉಳಿದವರು, ಓಟ ಮುಗಿಯುವ ಗೆರೆಯ ಹತ್ತಿರ ಸುಮ್ಮನೆ ನಿಂತಿದ್ದ ಹೊಸ ವರದಿಗಾರನಾದ ನನ್ನ ಕೈಗೆ ಸ್ಟಾಪ್‌ವಾಚ್ ಕೊಟ್ಟು, ಮೊದಲು ಬಂದವನನ್ನು ನೀವು ನೋಡಿ ಎಂದರು. ಪಿಸ್ತೂಲಿನ ಸದ್ದು ಕೇಳಿತು, ಒತ್ತಿದೆ. ಎದೆ ಗೆರೆ ದಾಟಿತು, ಮತ್ತೆ ಒತ್ತಿದೆ. ಹತ್ತು ಪಾಯಿಂಟ್ ಆರು. ನಾನೇ ಅಳೆದೆ, ನಾನೇ ಬರೆದೆ, ಸಂದರ್ಶನಕ್ಕೆಂದು ಅವರ ಮನೆಗೆ ಹೋದೆ, ಅಲ್ಲಿ ಚಹಾ ತಂದ ಸುಜಾತಾಳನ್ನು ನೋಡಿದೆ. ಏಳು ವರ್ಷದ ನಂತರ ಹರಪನಹಳ್ಳಿಯ ಒಂದು ಕ್ರೀಡಾಕೂಟದಲ್ಲಿ, ಹಿರಿಯ ತೀರ್ಪುಗಾರರೊಬ್ಬರು ಹೊಸಬರಿಗೆ ಹೇಳುವುದು ಕಿವಿಗೆ ಬಿತ್ತು. ಗೆರೆಯ ಹತ್ತಿರ ನಿಂತವರು ಪಿಸ್ತೂಲಿನ ಹೊಗೆ ನೋಡಿ ಒತ್ತಬೇಕು, ಸದ್ದು ಕೇಳಿ ಒತ್ತಬಾರದು. ಸದ್ದು ನೂರು ಮೀಟರ್ ಬರುವುದರೊಳಗೆ ಒಂದು ಸೆಕೆಂಡಿನ ಹತ್ತರಲ್ಲಿ ಮೂರು ಪಾಲು ಹೋಗಿಬಿಡುತ್ತದೆ.

ಹತ್ತು ಪಾಯಿಂಟ್ ಆರಕ್ಕೆ ಮೂರು ಸೇರಿಸಿದೆ. ಹತ್ತು ಪಾಯಿಂಟ್ ಒಂಬತ್ತು. ಒಳ್ಳೆಯ ಓಟವೇ, ಆದರೆ ಫ್ಲೆಕ್ಸ್ ಕಟ್ಟುವಂಥದ್ದಲ್ಲ. ಅಷ್ಟು ಹೊತ್ತಿಗೆ ಹುಲುಗೇಶ ಬೆಂಗಳೂರಿನ ಆಯ್ಕೆಗೆ ಐದು ವರ್ಷ ಓಡಾಡಿ, ಅಲ್ಲಿಯ ಎಲೆಕ್ಟ್ರಾನಿಕ್ ಯಂತ್ರದಲ್ಲಿ ಪ್ರತಿ ಸಲವೂ ಹನ್ನೊಂದು ದಾಟಿ, ತೊಡೆಯ ಸ್ನಾಯು ಹರಿದುಕೊಂಡು, ಪೊಲೀಸ್ ಭರ್ತಿಯ ವಯಸ್ಸನ್ನೂ ಕಳೆದುಕೊಂಡು ಮನೆಗೆ ಬಂದಾಗಿತ್ತು. (‘ನಮ್ಮ ಚಿಗರಿಗೆ ರಾಜಧಾನಿಯ ಮಲತಾಯಿ ಧೋರಣೆ’ ಎಂದು ನಾನು ಎರಡು ಲೇಖನ ಬರೆದಿದ್ದೆ.) ಆಮೇಲೆ ಯಾರಿಗೆ ಹೇಳಲಿ? ಹದಿನೈದು ವರ್ಷ ಈ ಗುಟ್ಟನ್ನು ಒಬ್ಬನೇ ಹೊತ್ತೆ. ಹೊತ್ತಿದ್ದಕ್ಕೆ ನನ್ನ ಮೇಲೆ ನನಗೇ ಸ್ವಲ್ಪ ಗೌರವವೂ ಇತ್ತು.

ಈಗ ಆಕೆ ಕಾಯುತ್ತಿದ್ದರು. ನಾನು ಬಾಯಿ ತೆರೆದೆ. ನನಗಿಂತ ಮೊದಲು, ಜನ್ಮದಲ್ಲಿ ಮೊದಲ ಸಲ ಬೇಗ, ಹುಲುಗೇಶ ಹೇಳಿಬಿಟ್ಟ.

“ಅದು ಹತ್ತು ಪಾಯಿಂಟ್ ಒಂಬತ್ತೋ ಏನೋ ಇರಬೇಕ್ರಿ. ಹಿಂದಿನವನ ಉಸಿರು ನನ್ನ ಕುತ್ತಿಗಿಗೆ ತಾಗತಿತ್ತು. ಅವಂದು ಹನ್ನೊಂದು ಅಂದ್ರು. ನಂದು ಹತ್ತು ಪಾಯಿಂಟ್ ಆರು ಹ್ಯಾಂಗ ಆಗತೈತಿ?”

ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಲೇ, ಗೊತ್ತಿದ್ದೂ ಐದು ವರ್ಷ ಯಾಕೆ ಓಡಿದೆ ಎಂದು ಕೇಳಿದೆ.

“ನೀವು ಸಂದರ್ಶನ ಅಂತ ಮೂರು ಸಲ ಮನಿಗೆ ಬಂದ್ರಿ, ಮಾವ. ಅಕ್ಕ ಮೂರು ಸಲ ಹೊಸಾ ಸೀರಿ ಉಟ್ಕಂಡು ಚಾ ತಂದ್ಲು. ಸುಳ್ಳು ಅಂತ ಹೇಳೋಕಿಂತ ಓಡಿ ಖರೇ ಮಾಡೋದು ಹಗುರ ಅನ್ನಿಸ್ತು.”

ಸುಜಾತಾ ಬಜ್ಜಿಯ ತಟ್ಟೆಯನ್ನೇ ನೋಡುತ್ತಿದ್ದಳು. ಅವಳಿಗೂ ಗೊತ್ತಿತ್ತು ಎಂದು ನನಗೆ ಆಗ ಗೊತ್ತಾಯಿತು. ಗುಟ್ಟು ಎಲ್ಲರಿಗೂ ಗೊತ್ತು ಎಂಬುದು ಗೊತ್ತಿಲ್ಲದವನು ಆ ಮನೆಯಲ್ಲಿ ಇದ್ದದ್ದು ನಾನೊಬ್ಬನೇ, ಅದನ್ನು ಕಾಪಾಡುತ್ತಿದ್ದವನೂ ನಾನೇ.

ಯಶೋಧರಾ ಸಿಟ್ಟಾಗಲಿಲ್ಲ. ನಕ್ಕರು. ಹತ್ತು ಪಾಯಿಂಟ್ ಒಂಬತ್ತು ಓಡಿದವರನ್ನೂ ತಾನು ಹೆಚ್ಚು ಕಂಡಿಲ್ಲ ಎಂದರು. ಅಂಥ ಕಾಲು ಈಗ ರೋಲರಿನ ಮೇಲೆ ಬೇಸರಪಡುವುದಿಲ್ಲವೇ ಎಂದು ಕೇಳಿದರು. ಹುಲುಗೇಶ ಯೋಚಿಸಿ, ನಿಧಾನಕ್ಕೆ, ಆಮೆಯ ಕತೆ ಹೇಳಿದ. ಅವಸರ ಇದ್ದದ್ದು ಅದಕ್ಕೆ ಎಂಬಲ್ಲಿಗೆ ಬಂದಾಗ ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಮ್ಮ ಮನೆಯಲ್ಲಿ ಹುಲುಗೇಶನ ಮಾತಿಗೆ ಯಾರಾದರೂ ಹಾಗೆ ನಕ್ಕದ್ದು ಅದೇ ಮೊದಲು. ಅವನ ಮುಖ ಹತ್ತೊಂಬತ್ತರ ಹುಡುಗನ ಮುಖದಂತಾಯಿತು.

“ಇದನ್ನ ಯಾಕ ಬರೀಲಿಲ್ಲ ನೀವು?” ಎಂದರು ಆಕೆ. “ಪೇಪರಿನ್ಯಾಗ ಬರಿಯೋ ಹಂಗ ಬರೀತಿದ್ರಿ.”

ಇಲ್ಲಿ ನಾನು ಸುಮ್ಮನಿರಬಹುದಿತ್ತು. ಆದರೆ ಇಪ್ಪತ್ತೆರಡು ವರ್ಷದಲ್ಲಿ ಓದುಗರೊಬ್ಬರು ನನ್ನ ಶೈಲಿಯನ್ನು ಗುರುತು ಹಿಡಿದದ್ದು ಅದೇ ಮೊದಲು. ಬರೆದವನು ನಾನು ಎಂದೆ. ಸಣ್ಣಗೆ ನಕ್ಕೂ ಇರಬೇಕು.

ಆಕೆ ನನ್ನನ್ನು ನೋಡಿದರು, ಸುಜಾತಾಳನ್ನು ನೋಡಿದರು. ಒಲೆಯನ್ನು, ಹೊಸ್ತಿಲನ್ನು ನೋಡಿದರು.

“ಸೀಟಿ ಊದಲಿಲ್ಲ ಅಂತ ಬರೆದಿದ್ದೆ. ಅದನ್ನ ಎಲ್ಲಾರೂ ಕೂತು ಓದಿದ್ರೇನ್ರಿ?”

ಆಕೆ ಲೋಟ ಕೆಳಗಿಟ್ಟು ಎದ್ದರು. ಬಸ್ ಸ್ಟ್ಯಾಂಡಿನವರೆಗೆ ಹುಲುಗೇಶ ಜೊತೆಗೆ ಹೋದ. ಬಸ್ಸು ಹತ್ತುವ ಮುಂಚೆ ಆಕೆ ಹೇಳಿದ್ದನ್ನು ವಾಪಸು ಬಂದು ನಮಗೆ ಒಪ್ಪಿಸಿದ. ಮೊದಲು ಆ ಟೈಮನ್ನು ನಾಲ್ಕು ಮಂದಿಯ ಮುಂದೆ ಸರಿ ಮಾಡಿ. ಆಮೇಲೆ ನಿಮ್ಮ ಕೈಯಾರೆ ಒಂದು ಸಾಲು ಬರೆಯಿರಿ. ಅದು ಬಂದರೆ ನೋಡೋಣ.

ಅವತ್ತೇ ನನ್ನ ಮೊಬೈಲ್ ಜೋಳದ ಡಬ್ಬಿ ಸೇರಿತು.

ಸೆಪ್ಟೆಂಬರಿನಲ್ಲಿ ಕ್ರೀಡಾಕೂಟ ಬಂತು. ಶಾಲು ಹೊದಿಸಿದ ಮೇಲೆ ಹುಲುಗೇಶ ಎಂದೂ ಕೇಳದವನು ಮೈಕ್ ಕೇಳಿದ. ಅವತ್ತಿನ ಟೈಮು ತಪ್ಪು, ನಾನು ಓಡಿದ್ದು ಹತ್ತು ಪಾಯಿಂಟ್ ಒಂಬತ್ತು, ಇಷ್ಟು ವರ್ಷ ಹೇಳದೆ ಇದ್ದದ್ದಕ್ಕೆ ಮಾಫಿ ಮಾಡ್ರಿ ಎಂದ. ಅಧ್ಯಕ್ಷತೆ ವಹಿಸಿದ್ದ ಪಂಚಾಕ್ಷರಪ್ಪನವರು ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

“ನೋಡ್ರಿ ದೊಡ್ಡತನ. ಕಾಳು ತುಂಬಿದ ತೆನಿ ಹಿಂಗ ಬಾಗತೈತಿ.”

ಚಪ್ಪಾಳೆ ನಿಲ್ಲಲಿಲ್ಲ. ವಿನಯಕ್ಕೆಂದು ಇನ್ನೊಂದು ಶಾಲು ಹೊದಿಸಿದರು.

ಚಿಂತೆ ಮಾಡಬೇಡ, ಪೇಪರಿನಲ್ಲಿ ಬರೆಯುತ್ತೇನೆ, ಪೇಪರಿನಲ್ಲಿ ಬಂದದ್ದನ್ನು ಯಾರೂ ಅಳಿಸಲಾರರು ಎಂದು ನಾನು ಅವನಿಗೆ ಹೇಳಿದೆ. ಬರೆದೆ. ವಾಚ್ ಹಿಡಿದದ್ದು ನಾನು, ಹೊಗೆ ನೋಡಬೇಕಿತ್ತು, ಸದ್ದು ಕೇಳಿ ಒತ್ತಿದೆ, ಸರಿಯಾದ ಸಮಯ 10.9. ನನ್ನ ಜೀವಮಾನದಲ್ಲಿ ಅಷ್ಟು ಚಿಕ್ಕ, ಅಷ್ಟು ನೇರವಾದ ವರದಿಯನ್ನು ಬರೆದಿರಲಿಲ್ಲ. ಅದೇ ಸಂಜೆ ಹುಲುಗೇಶ ಹೊಸ್ತಿಲಲ್ಲಿ ಕೂತು, ದಪ್ಪ ಬೆರಳಿನಿಂದ, ಮುಕ್ಕಾಲು ಗಂಟೆ ತೆಗೆದುಕೊಂಡು ಒಂದು ಸಂದೇಶ ಬರೆದ. ನನಗೆ ತೋರಿಸಲಿಲ್ಲ, ಅಕ್ಕನಿಗೆ ತೋರಿಸಿದ. ‘ನಾಳಿ ಪೇಪರ್ ನೋಡ್ರಿ. ಅದರಾಗ ನಾನು ಖರೇ ಓಡಿದ್ದು ಐತಿ.’

ಬೆಳಿಗ್ಗೆ ಪೇಪರ್ ಬಂತು. ‘ಕೊಟ್ಟೂರಿನ ಚಿಗರಿಗೆ ಸನ್ಮಾನ’. ವಾಚಿನ ಮಾತು ಇರಲಿಲ್ಲ. ಸಮಯ 10.6.

ಕಚೇರಿಗೆ ಫೋನ್ ಮಾಡಿದೆ. ಡೆಸ್ಕಿನಲ್ಲಿದ್ದವರು ಹೊಸಬರು, ಶ್ರದ್ಧೆಯವರು. ಜಾಗ ಕಡಿಮೆ ಇತ್ತು, ನಿಮ್ಮ ಸ್ವಂತ ವಿಷಯ ತೆಗೆದೆ ಎಂದರು. ಅಂಕಿಯಲ್ಲಿ ಅನುಮಾನ ಬಂದು ಹಳೆಯ ವರದಿಗಳನ್ನೆಲ್ಲ ತೆಗೆಸಿ ನೋಡಿದರಂತೆ. ಇಪ್ಪತ್ತೆರಡು ವರ್ಷವೂ ಹತ್ತು ಪಾಯಿಂಟ್ ಆರೇ ಇತ್ತು. ಎಲ್ಲದರ ಕೆಳಗೂ ನನ್ನ ಹೆಸರಿತ್ತು. ಆದ್ದರಿಂದ ತಪ್ಪನ್ನು ಸರಿಪಡಿಸಿದ್ದರು.

ಆಕೆ ಸಂದೇಶವನ್ನು ನೋಡಿದ್ದಾರೆಂಬ ಗುರುತು ಅವತ್ತೇ ಮಧ್ಯಾಹ್ನ ಬಂತು. ಉತ್ತರ ಬಂದಿಲ್ಲ.

ಈಗ ಹುಲುಗೇಶನ ರೋಲರ್ ಹಗರಿಬೊಮ್ಮನಹಳ್ಳಿ ರಸ್ತೆಯಲ್ಲಿದೆ. ಅದನ್ನು ದಾಟಿದರೆ ಹಡಗಲಿಯ ದಾರಿ. ಆದರೆ ಗುತ್ತಿಗೆ ಇರುವುದು ಹಗರಿಬೊಮ್ಮನಹಳ್ಳಿಯವರೆಗೆ ಮಾತ್ರ. ಸಂಜೆ ಮನೆಗೆ ಬಂದು, ಬಂತೇನಕ್ಕ ಎಂದು ಕೇಳುತ್ತಾನೆ. ಸುಜಾತಾ ಸಜ್ಜೆಯ ಡಬ್ಬಿ ಇಳಿಸಿ, ಜೋಳದಲ್ಲಿ ಕೈಯಾಡಿಸಿ, ಫೋನ್ ತೆಗೆದು ನೋಡಿ, ಮತ್ತೆ ಒಳಗಿಡುತ್ತಾಳೆ.

ನಿನ್ನೆ ನಾನು ತಡೆಯಲಾರದೆ, ಆಕೆಗೆ ಎಲ್ಲವನ್ನೂ ಬಿಡಿಸಿ ಒಂದು ಪತ್ರ ಬರೆದುಕೊಡಲೇ ಎಂದು ಕೇಳಿದೆ. ಅವನು ಕೈ ತೊಳೆಯುತ್ತಿದ್ದ. ಡಾಂಬರು ಹೋಗುವವರೆಗೂ ತೊಳೆದು, ಒರೆಸಿಕೊಂಡು, ಸಿಟ್ಟಿಲ್ಲದೆ ಹೇಳಿದ.

“ಬ್ಯಾಡ ಬಿಡ್ರಿ, ಮಾವ. ನೀವು ಬರದ್ರ ನಾನು ಮತ್ತ ಓಡಬೇಕಾಗತೈತಿ.”