ಎಂಟು ಮಂದಿಯ ಪಾಲನ್ನು ಒಬ್ಬಳೇ ಊದಿದ ಬಗ್ಗೆ ಸಮಜಾಯಿಷಿ

(ಕರಡು. ಶುದ್ಧ ಪ್ರತಿ ಮಾಡುವ ಮುನ್ನ ಮನೆಯಲ್ಲಿ ಒಮ್ಮೆ ಓದಿಸತಕ್ಕದ್ದು.)

ಇಂದ,
ಕ್ಲಾರಿನೆಟ್ ಸಾಲಿನ ಮೂರನೇ ಕುರ್ಚಿಯ ವಿದ್ಯಾರ್ಥಿನಿಯ ತಾಯಿ,
ಉದ್ಯೋಗ: ಮುದ್ರಣಾಲಯದಲ್ಲಿ ಕರಡಚ್ಚು ತಿದ್ದುವುದು.

ಗೆ,
ಮಾನ್ಯ ಮುಖ್ಯೋಪಾಧ್ಯಾಯಿನಿಯವರು,
ಕಲಾ ಪ್ರೌಢಶಾಲೆ.

ಮೂಲಕ: ವಾದ್ಯವೃಂದದ ಮೇಷ್ಟ್ರು. (ದೂರು ಅವರ ಮೇಲೆಯೇ ಇದ್ದರೂ ಅವರ ಮೂಲಕವೇ ಬರಬೇಕೆಂದು ನಿಯಮವಿರುವ ಕಾರಣ.)

ವಿಷಯ: ವಾರ್ಷಿಕ ಪ್ರದರ್ಶನದಲ್ಲಿ ಎಂಟು ವಿದ್ಯಾರ್ಥಿಗಳು ಕೂಡಿ ನುಡಿಸಬೇಕಿದ್ದ ಭಾಗವನ್ನು ಅರ್ಜಿದಾರಳ ಮಗಳು ತಾನೊಬ್ಬಳೇ ನುಡಿಸಿದ ಅಪರಾಧದ ಬಗ್ಗೆ ವಿವರಣೆ, ಹಾಗೂ ಸದರಿ ಅಕ್ರಮ ಸ್ವರವನ್ನು ಸಕ್ರಮಗೊಳಿಸಲು ಕೋರಿಕೆ.

ಉಲ್ಲೇಖ: 1. "ಕೂಡಲೇ ಲಿಖಿತ ಸಮಜಾಯಿಷಿ ನೀಡದಿದ್ದಲ್ಲಿ ತಮ್ಮ ಮಗಳನ್ನು ವಾದ್ಯ ವಿಭಾಗದಿಂದ ಪರದೆ ಎಳೆಯುವ ವಿಭಾಗಕ್ಕೆ ವರ್ಗಾಯಿಸಲಾಗುವುದು" ಎಂಬ ತಮ್ಮ ನೋಟೀಸು.
2. ಸದರಿ ಮೇಷ್ಟ್ರು ಮಗಳ ಕಿವಿಯಲ್ಲಿ ನೀಡಿದ ಮೌಖಿಕ ಆದೇಶ. (ಪ್ರತಿ ಲಭ್ಯವಿಲ್ಲ.)

ಮಾನ್ಯರೇ,

1. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಮಗಳ ಕೋಣೆಯಿಂದ ಟಪ್, ಟಪಟಪ್, ಟಪ್ ಎಂದು ಸಣ್ಣ ಸದ್ದು ಬರುತ್ತಿತ್ತು. ಅರ್ಜಿದಾರಳು ಸ್ವಭಾವತಃ ಎಲೆ ಅಲುಗಿದರೂ ಎದ್ದು ಕೂರುವವಳು. ಇಲಿಯೆಂದು ಭಾವಿಸಿದಳು. ಅತ್ತೆಯವರು ಮಾತ್ರ, "ಇಲಿಯೂ ಇಲ್ಲ, ಹೆಗ್ಗಣವೂ ಇಲ್ಲ ಕಣೇ. ನಿನ್ನ ತಲೆಯೊಳಗೆ ಹುಳ ಕೊರೀತಿರೋದು," ಎಂದು ಅಭಿಪ್ರಾಯಪಟ್ಟರು. ಆದಾಗ್ಯೂ ಬೋನು ಇಡಲಾಯಿತು. ಬೋನಿನಲ್ಲಿಟ್ಟ ಬ್ರೆಡ್ಡು ಒಣಗಿ ಹಲಗೆಯಾಯಿತೇ ಹೊರತು ಏನೂ ಬೀಳಲಿಲ್ಲ. ಆದ್ದರಿಂದ ಅರ್ಜಿದಾರಳು ಒಂದು ರಾತ್ರಿ ಬಾಗಿಲನ್ನು ಬೆರಳಗಲ ಸರಿಸಿ ನೋಡಲಾಗಿ, ಮಗಳು ಹಾಸಿಗೆಯ ಮೇಲೆ ನೆಟ್ಟಗೆ ಕುಳಿತು, ಕ್ಲಾರಿನೆಟ್ಟನ್ನು ಬಾಯಿಗಿಟ್ಟು, ಕೆನ್ನೆ ಉಬ್ಬಿಸಿ, ಬೆರಳುಗಳನ್ನು ಚಕಚಕನೆ ಓಡಿಸುತ್ತಿರುವುದು ಕಂಡುಬಂದಿತು. ಸ್ವರ ಮಾತ್ರ ಇಲ್ಲ. ವಾದ್ಯದ ಗುಂಡಿಗಳು ರಂಧ್ರಗಳ ಮೇಲೆ ಬೀಳುವ ಟಪ್ ಟಪ್ ಅಷ್ಟೇ.

2. ತದನಂತರ ನಡೆದ ಸಂಭಾಷಣೆಯನ್ನು ತಮ್ಮ ಅವಗಾಹನೆಗೆ ಯಥಾವತ್ತಾಗಿ ಸಲ್ಲಿಸಲಾಗಿದೆ:

"ಊದೋದಿಲ್ವೇನೇ?"

"ಅಯ್ಯೋ ಅಮ್ಮಾ, ಎದ್ದಿದ್ದೀಯಾ? ಹೋಗಿ ಮಲ್ಕೋ."

"ಅಪ್ಪಂಗೆ ನಿದ್ದೆ ಕೆಡುತ್ತೆ ಅಂತಾನಾ?"

"ಅಪ್ಪನ ಗೊರಕೆ ಮುಂದೆ ಇದೆಲ್ಲ ಯಾವ ಲೆಕ್ಕ! ಅದಲ್ಲ. ಸ್ಕೂಲಲ್ಲೂ ನಾನು ಹೀಗೇ ನುಡಿಸೋದು. ಬೆರಳು ಆಡಿಸಿದ್ರೆ ಸಾಕು, ಊದ್ಬೇಡ ಅಂದಿದ್ದಾರೆ ಮೇಷ್ಟ್ರು."

"ಯಾವಾಗಿಂದ?"

"ಸೇರಿದ ವರ್ಷದಿಂದ."

"ಮನೇಲಾದ್ರೂ ಊದು ತಾಯಿ. ಇಲ್ಲಿ ಯಾರು ಕೇಳ್ತಾರೆ?"

"ಇಲ್ಲಿ ಊದಿ ರೂಢಿಯಾಗಿ, ಅಲ್ಲೂ ಬಾಯ್ತಪ್ಪಿ ಊದ್ಬಿಟ್ರೆ?"

ಬಾಯ್ತಪ್ಪಿ ಮಾತಾಡುವವರನ್ನು ಅರ್ಜಿದಾರಳು ಬಲ್ಲಳು. ಸಂಗೀತ ಕಲಿಯಲು ಸೇರಿದ ಶಾಲೆಯಲ್ಲಿ ಬಾಯ್ತಪ್ಪಿ ಸಂಗೀತ ಹೊರಟೀತೆಂದು ಹೆದರುವವರನ್ನು ಅಂದೇ ಮೊದಲು ಕಂಡಳು.

3. ವಿಚಾರಿಸಲಾಗಿ ತಿಳಿದದ್ದೇನೆಂದರೆ, ಸೇರಿದ ಹೊಸತರಲ್ಲಿ ಒಂದು ತಾಲೀಮಿನ ದಿನ ಮಗಳ ವಾದ್ಯ 'ಕೀಚ್' ಎಂದಿತಂತೆ. ಕಲಿಯುವವರ ಕ್ಲಾರಿನೆಟ್ ಕೀಚ್ ಎನ್ನದೆ ವೇದಾಂತ ಹೇಳುವುದೇ? ಆದರೆ ಮೇಷ್ಟ್ರು, ಅಂದರೆ ಕೈಯಲ್ಲಿನ ಕೋಲಿನಿಂದಾಗಿ ಮಕ್ಕಳ ಬಾಯಲ್ಲಿ 'ಕಡ್ಡಿ ಮೇಷ್ಟ್ರು' ಆಗಿರುವವರು, ಮಗಳನ್ನು ವಾದ್ಯಗಳ ಬೀರುವಿನ ಹಿಂದಕ್ಕೆ ಕರೆದು, ಅತ್ಯಂತ ವಾತ್ಸಲ್ಯದಿಂದ, "ನೋಡಮ್ಮಾ, ನಿನ್ನ ಬೆರಳು ಬಂಗಾರ. ಉಸಿರು ಮಾತ್ರ ಬೇಡ. ಸುಮ್ನೆ ಊದಿದ ಹಾಗೆ ಮಾಡು. ಯಾರಿಗೂ ಹೇಳ್ಬೇಡ, ಮಿಕ್ಕವರ ಧೈರ್ಯ ಕೆಡುತ್ತೆ," ಎಂದರಂತೆ. ಮಗಳು ಹೇಳಲಿಲ್ಲ. ಆ ಆದೇಶವನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದಳೆಂದರೆ ಕಳೆದ ವರ್ಷ ಅವಳಿಗೆ 'ಅತ್ಯುತ್ತಮ ವೇದಿಕೆ ಭಂಗಿ'ಯ ಪ್ರಶಸ್ತಿಪತ್ರ ಬಂದಿತು. ಅದಕ್ಕೆ ಸಹಿ ಹಾಕಿದವರು ತಾವೇ. ಮುಂದಿನ ಕೋಣೆಯಲ್ಲಿ ಕಟ್ಟು ಹಾಕಿಸಿ ತೂಗುಹಾಕಲಾಗಿದೆ. ಅತ್ತೆಯವರು ಬಂದವರಿಗೆಲ್ಲ ಅದನ್ನು ತೋರಿಸಿ, "ನಮ್ಮ ಹುಡುಗಿ ಕೂತರೆ ಸಾಕು, ಬಹುಮಾನ ಕೊಡ್ತಾರೆ," ಎನ್ನುತ್ತಾರೆ. ಅದು ಅಕ್ಷರಶಃ ಸತ್ಯವೆಂದು ಅವರಿಗೆ ಗೊತ್ತಿಲ್ಲ.

4. ಅರ್ಜಿದಾರಳು ಅಂಜುಬುರುಕಿ. ಜಗಳಕ್ಕೆ ಬರುವ ಧೈರ್ಯವಿರಲಿಲ್ಲ. ಆ ಕಾರಣ ಬೇರೆ ದಾರಿ ಹುಡುಕಿದಳು. ಮುದ್ರಣಾಲಯದ ಹಿಂಬದಿಯಲ್ಲಿ ಕಾಗದದ ಉಗ್ರಾಣವಿದೆ. ನಾಲ್ಕೂ ಗೋಡೆಗೆ ಸೂರಿನವರೆಗೆ ಕಾಗದದ ಕಟ್ಟುಗಳು. ಅಲ್ಲಿ ಬಾಯಿ ಬಡಿದುಕೊಂಡರೂ ಹೊರಗೆ ಕೇಳಿಸದು. ಯಂತ್ರ ನಿಲ್ಲಿಸಿದ ಮೇಲೆ ಮಗಳನ್ನು ಅಲ್ಲಿ ಕೂರಿಸಿ, ಅರ್ಜಿದಾರಳು ಕಳ್ಳರ ಕಾವಲಿನವಳಂತೆ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಮೊದಲ ದಿನ ಮಗಳಿಗೆ ಉಸಿರೇ ಹೊರಡಲಿಲ್ಲ. ಬೆರಳು ಓಡುತ್ತಿತ್ತು, ಎದೆ ಕಲ್ಲಾಗಿತ್ತು. "ಯಾರಾದ್ರೂ ಬಂದ್ರೆ?" ಎನ್ನುತ್ತಿದ್ದಳು. "ಬಂದ್ರೆ ನಾನು ಊದ್ತಿದ್ದೆ ಅಂತೀನಿ, ನೀನು ಊದು," ಎಂದಳು ಅರ್ಜಿದಾರಳು. ಹೀಗೆ ಸದರಿ ವಿದ್ಯಾರ್ಥಿನಿಯು ಶಾಲೆಯಲ್ಲಿ ಮೌನವನ್ನೂ ಉಗ್ರಾಣದಲ್ಲಿ ಸಂಗೀತವನ್ನೂ ಏಕಕಾಲದಲ್ಲಿ ಅಭ್ಯಾಸ ಮಾಡಿದಳು. ನಿಜವಾಗಿ ಊದುವವರ ಭುಜ ಊದುವ ಮುನ್ನ ಒಂದಿಷ್ಟು ಮೇಲೇಳುತ್ತದೆಂದು ಅರ್ಜಿದಾರಳು ಕಲಿತದ್ದು ಆ ಬಾಗಿಲಲ್ಲಿ ನಿಂತೇ. ಈ ಜ್ಞಾನ ಮುಂದಿನ ಕಂಡಿಕೆಗೆ ಬೇಕಾಗುತ್ತದೆ.

5. ಪ್ರದರ್ಶನದ ಸಂಜೆ. ಸಭಾಂಗಣ ಭರ್ತಿ. ಅರ್ಜಿದಾರಳು ಎಂದಿನಂತೆ ಹೊರಬಾಗಿಲಿಗೆ ಹತ್ತಿರದ ಕುರ್ಚಿ ಹಿಡಿದಿದ್ದಳು. ತಾವು ಬಲ್ಲಂತೆ, ನಡುವೆ ಒಂದೆಡೆ ಪಿಟೀಲುಗಳೆಲ್ಲ ನಿಂತು, ಎಂಟು ಕ್ಲಾರಿನೆಟ್‌ಗಳೇ ರಾಗವನ್ನು ಎತ್ತಿಕೊಳ್ಳಬೇಕು. ಪಿಟೀಲುಗಳು ನಿಂತವು. ಮೇಷ್ಟ್ರ ಕಡ್ಡಿ ಎಂಟು ಮಂದಿಯತ್ತ ಠೀವಿಯಿಂದ ಬೀಸಿತು. ಎಂಟು ಜೋಡಿ ಕೆನ್ನೆ ಉಬ್ಬಿದವು. ಎಂಬತ್ತು ಬೆರಳು ಓಡತೊಡಗಿದವು.

ಸದ್ದಿಲ್ಲ.

ಹಿಂದಿನ ಸಾಲಿನಲ್ಲಿ ಯಾರೋ ಚೀಲದ ಜಿಪ್ ಎಳೆದದ್ದು ಇಡೀ ಸಭಾಂಗಣಕ್ಕೆ ಕೇಳಿಸಿತು. ಕಡ್ಡಿ ಮಾತ್ರ ಬೀಸುತ್ತಲೇ ಇತ್ತು. ಅರ್ಜಿದಾರಳು ಎಂಟು ಮಂದಿಯ ಭುಜಗಳನ್ನು ಒಂದೊಂದಾಗಿ ನೋಡಿದಳು. ಒಂದೂ ಏಳಲಿಲ್ಲ.

6. ಆದುದೇನು ಎಂಬುದು, ಪ್ರದರ್ಶನ ಮುಗಿದ ಮೇಲೆ ತೆರೆಮರೆಯಲ್ಲಿ ಮೊದಲ ಕುರ್ಚಿಯ ಹುಡುಗ ಅಳುತ್ತಾ ಮಗಳೊಬ್ಬಳಿಗೇ ಹೇಳಿದ್ದನ್ನು ಅವಳ ಕಥೆಯೊಂದಿಗೆ ಜೋಡಿಸಿದಾಗ ಗೊತ್ತಾಯಿತು. ಮೇಷ್ಟ್ರು ಕೀಚ್ ಎಂದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಬೀರುವಿನ ಹಿಂದಕ್ಕೆ ಕರೆದಿದ್ದರು. ಎಲ್ಲರಿಗೂ ಅದೇ ವಾತ್ಸಲ್ಯ, ಅದೇ ಬಂಗಾರದ ಬೆರಳು, ಅದೇ "ಯಾರಿಗೂ ಹೇಳ್ಬೇಡ". ಪ್ರತಿಯೊಬ್ಬರೂ ಮೂಕರಾದವರು ತಾವೊಬ್ಬರೇ ಎಂದು ತಿಳಿದು, ಉಳಿದವರ ಸ್ವರದ ನೆರಳಲ್ಲಿ ಕೂತಿದ್ದರು. ಕಡೆಕಡೆಗೆ ಮೊದಲ ಕುರ್ಚಿಯ ಹುಡುಗನೊಬ್ಬನೇ ಊದುತ್ತಿದ್ದ. ಆಗ ಮೇಷ್ಟ್ರು, "ಆಹಾ! ಎಂಟು ಜನ ಊದಿದ್ರೂ ಒಬ್ಬನೇ ಊದಿದ ಹಾಗಿದೆ. ಒಗ್ಗಟ್ಟು ಅಂದ್ರೆ ಇದು!" ಎಂದು ಕಣ್ಣೊರೆಸಿಕೊಂಡಿದ್ದರಂತೆ. ಪ್ರದರ್ಶನದ ಹಿಂದಿನ ಸಂಜೆ ಆ ಹುಡುಗನ ವಾದ್ಯವೂ ಕೀಚ್ ಎಂದಿತು. ಅವನೂ ಬೀರುವಿನ ಹಿಂದಕ್ಕೆ ಹೋಗಿ ಬಂದ. ಮಿಕ್ಕ ಏಳು ಮಂದಿ ಇದ್ದಾರಲ್ಲ ಎಂದು, ಯಾರ್ಯಾರನ್ನು ಕರೆದಿದ್ದೆನೆಂಬ ಲೆಕ್ಕವನ್ನೇ ಇಟ್ಟಿರದ ಮೇಷ್ಟ್ರಿಗೂ ಧೈರ್ಯ, ಅವನಿಗೂ ಧೈರ್ಯ.

7. ಮತ್ತೆ ವೇದಿಕೆಗೆ ಬಂದರೆ, ಮಗಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಸುಳ್ಳು ಕೆನ್ನೆಯನ್ನು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆ ವಿದ್ಯೆಯಲ್ಲಿ ಪ್ರಶಸ್ತಿ ಪಡೆದವಳು. ಅಷ್ಟರಲ್ಲಿ ಅವಳ ಭುಜ ಮೇಲೆದ್ದಿತು. ಅರ್ಜಿದಾರಳು ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದಳು. ಮೊದಲು ಕೀಚ್. ಆಮೇಲೆ ರಾಗ. ತೆಳ್ಳಗೆ, ಒಂದೇ ಎಳೆಯಾಗಿ, ಕೊನೆಯವರೆಗೂ. ಏಳು ಮಂದಿ ಸುತ್ತ ಕೂತು ಅವಳ ಸ್ವರಕ್ಕೆ ಬೆರಳು ಆಡಿಸಿದರು.

8. ಮುಖ್ಯ ಅತಿಥಿಗಳಾಗಿ ಬಂದಿದ್ದ ಕಿವಿಯ ಡಾಕ್ಟರು ತಮ್ಮ ಭಾಷಣದಲ್ಲಿ, "ಇಷ್ಟು ವರ್ಷದಿಂದ ಜನರ ಕಿವಿ ನೋಡ್ತಾ ಇದ್ದೀನಿ. ಆ ಸ್ವರಕ್ಕೆ ಮುಂಚೆ ಬಂತಲ್ಲ ನಿಶ್ಶಬ್ದ, ಅಂಥದ್ದನ್ನ ನಾನು ಕೇಳೇ ಇಲ್ಲ!" ಎಂದರು. ಚಪ್ಪಾಳೆ ಬಿತ್ತು. ಮೇಷ್ಟ್ರು ಎದ್ದು, ಸದರಿ ನಿಶ್ಶಬ್ದವನ್ನು ತಾವೇ ರಚಿಸಿದವರಂತೆ ಎದೆಗೆ ಕೈಯಿಟ್ಟು ಬಾಗಿದರು. ಒಂದರ್ಥದಲ್ಲಿ ರಚಿಸಿದವರು ಅವರೇ ಆದ್ದರಿಂದ ಈ ಬಗ್ಗೆ ಅರ್ಜಿದಾರಳ ತಕರಾರಿಲ್ಲ.

9. ಮಾರನೆಯ ದಿನ ತಾವು ಎಂಟು ಮಂದಿಯನ್ನೂ ಕರೆಸಿ ಕೇಳಿದಿರಿ. ಏಳು ಮಂದಿ, ಒಬ್ಬರನ್ನೊಬ್ಬರು ಕೇಳದೆಯೇ, "ರೀಡ್ ಕೆಟ್ಟೋಯ್ತು ಮಿಸ್," ಎಂದರು. ರೀಡ್ ಎಂದರೆ ವಾದ್ಯದ ಬಾಯಿಗೆ ಕಟ್ಟುವ, ಜೊಂಡಿನ ತೆಳುವಾದ ಸೀಳು. ಉಸಿರು ತಾಗಿದರೆ ನಡುಗುತ್ತದೆ, ಅದು ನಡುಗಿದರೇ ಸ್ವರ. ಏಳು ವಾದ್ಯಗಳ ರೀಡ್ ಒಂದೇ ಕ್ಷಣಕ್ಕೆ ಕೆಡುವುದೆಂದರೆ ಏಳು ಮನೆಗಳ ಹಾಲು ಒಂದೇ ಗಳಿಗೆಗೆ ಒಡೆದಂತೆ. ಆದರೂ ತಾವು ನಂಬಿದಿರಿ. ಮೇಷ್ಟ್ರು ತಮಗಿಂತ ಬೇಗ ನಂಬಿದರು. ಏಳು ಮಂದಿಗೆ 'ಆಪತ್ತಿನಲ್ಲೂ ಶಿಸ್ತು ಬಿಡದವರು' ಎಂಬ ಮೆಚ್ಚುಗೆ ಪತ್ರ ಹೋಯಿತು. ಆಪತ್ತು ಯಾವುದೆಂದು ಅದರಲ್ಲಿ ಬರೆದಿರಲಿಲ್ಲ. ಮಗಳಿಗೆ ನೋಟೀಸು ಬಂದಿತು. "ಸಹಪಾಠಿಗಳ ರೀಡ್ ಕೆಟ್ಟಿರುವಾಗ ತಾನೂ ನಿಲ್ಲಿಸುವುದು ವಾದ್ಯವೃಂದದ ಧರ್ಮ" ಎಂದು ಅದರಲ್ಲಿದೆ. ಎರಡನೇ ಸಾಲಿನಲ್ಲಿ ಒಂದು ಕಾಗುಣಿತ ದೋಷವೂ ಇದೆ. ವೃತ್ತಿಧರ್ಮ ಬಿಡಲಾಗದೆ ಪೆನ್ಸಿಲಿನಿಂದ ತಿದ್ದಲಾಗಿದೆ.

10. ಕಾರಣ, ಆದಕಾರಣ, ಆದ್ದರಿಂದ ಮತ್ತು ಈ ಎಲ್ಲ ಹಿನ್ನೆಲೆಯಲ್ಲಿ, ಮೇಷ್ಟ್ರನ್ನು ಕರೆಸಿ, ಬೀರುವನ್ನು ಗೋಡೆಗೆ ಒತ್ತರಿಸಿ, ಅದರ ಹಿಂದೆ ನಡೆದದ್ದನ್ನೆಲ್ಲ ಶಾಲೆಯ ಸಭೆಯಲ್ಲಿ

(ಇಲ್ಲಿಗೆ ಕರಡು ನಿಂತಿದೆ. ಮಗಳು ಹಿಂದೆ ನಿಂತು ಓದುತ್ತಿದ್ದುದನ್ನು ಅರ್ಜಿದಾರಳು ಗಮನಿಸಿರಲಿಲ್ಲ. ಎಲೆ ಅಲುಗಿದರೂ ಏಳುವವಳ ಎಚ್ಚರ ಇಷ್ಟು. ಮಗಳ ಆಕ್ಷೇಪಣೆಯನ್ನು ದಾಖಲಿಸಿಕೊಳ್ಳಲಾಗಿದೆ:

"ಇದನ್ನ ಕೊಡ್ಬೇಡಮ್ಮಾ."

"ಪರದೆ ಎಳೀತಾ ಕೂತ್ಕೋತೀಯಾ ಹಾಗಾದ್ರೆ?"

"ಅದಲ್ಲ. ಐದನೇ ಕುರ್ಚಿಯವಳ ಅಪ್ಪ ವಿಡಿಯೊ ಮಾಡ್ಕೊಂಡಿದ್ದಾರೆ. 'ಕೇಳಿ, ಈ ಸ್ವರ ನಮ್ಮ ಹುಡುಗೀದು' ಅಂತ ಸಿಕ್ಕಿದವರಿಗೆಲ್ಲ ತೋರಿಸ್ತಿದ್ದಾರಂತೆ. ಮೊದಲ ಕುರ್ಚಿಯವನ ಅಜ್ಜಿ ಕಣ್ಣು ಕಾಣದವರು. ಮೊಮ್ಮಗ ಊದಿದ್ದು ಕೇಳಿದೆ, ಇನ್ನೇನೂ ಬೇಡ ಅಂದ್ರಂತೆ."

"ಊದಿದ್ದು ನೀನು ಕಣೇ!"

"ಹೂಂ. ಆದ್ರೆ ಎಂಟು ಮನೇಲೂ ಅದು ಅವರವರ ಮಕ್ಕಳದ್ದೇ ಆಗಿದೆಯಲ್ಲ. ನೀನು ಬರೆದುಕೊಟ್ರೆ ಏಳು ಮನೇಲಿ ನಿಂತುಹೋಗುತ್ತೆ."

ಅತ್ತೆಯವರು ಅಡುಗೆಮನೆಯಿಂದ, "ಅಮ್ಮನಿಗಿಂತ ಮಗಳಿಗೇ ಬುದ್ಧಿ ಜಾಸ್ತಿ," ಎಂದರು. ಏನು ವಿಷಯವೆಂದು ಅವರಿಗೆ ತಿಳಿದಿರಲಿಲ್ಲ. ಆದರೂ ಸರಿಯಾಗಿಯೇ ಹೇಳಿದರು.

ಆದ್ದರಿಂದ ಒಂದರಿಂದ ಹತ್ತರವರೆಗಿನ ಕಂಡಿಕೆಗಳನ್ನು ಕೈಬಿಟ್ಟು, ಶುದ್ಧ ಪ್ರತಿಯನ್ನು ಕೆಳಕಂಡಂತೆ ಬರೆಯತಕ್ಕದ್ದು.)

ವಿಷಯ: ರೀಡ್‌ಗಳ ಬಗ್ಗೆ.

ಮಾನ್ಯರೇ,

ತಮ್ಮ ನೋಟೀಸು ತಲುಪಿದೆ. ಏಳು ಮಂದಿಯ ರೀಡ್ ಒಂದೇ ಕ್ಷಣಕ್ಕೆ ಕೆಟ್ಟದ್ದು ನಿಜವೆಂದು ಅರ್ಜಿದಾರಳೂ ನಂಬುತ್ತಾಳೆ. ಮಗಳ ರೀಡ್ ಕೆಡದೆ ಉಳಿದುದಕ್ಕೆ ವಿಷಾದಿಸುತ್ತಾಳೆ.

ಇನ್ನು ಮುಂದೆ ಇಂಥ ಆಪತ್ತು ಬಾರದಿರಲೆಂದು ಎಂಟು ಹೊಸ ರೀಡ್‌ಗಳನ್ನು ಇದರೊಂದಿಗೆ ಶಾಲೆಗೆ ಒಪ್ಪಿಸಲಾಗಿದೆ. ರೀಡ್ ಹೊಸದಾದ ಮೇಲೆ ಸ್ವರ ಹೊರಡದಿರಲು ಬೇರೆ ಯಾವ ಕಾರಣವೂ ಇರಲಾರದು. ಇದಕ್ಕೆ ಮೇಷ್ಟ್ರ ಸಹಮತವೂ ಇರುತ್ತದೆಂದು, ಇಲ್ಲವೆನ್ನಲು ಅವರಿಗೆ ಆಗುವುದಿಲ್ಲವೆಂದು, ಅರ್ಜಿದಾರಳಿಗೆ ಖಚಿತವಿದೆ. ಕಾರಣ, ಮುಂದಿನ ತಾಲೀಮಿನಲ್ಲಿ ತಾವು ಖುದ್ದಾಗಿ ಕೂತು, ಎಂಟೂ ಮಕ್ಕಳಿಂದ ಒಬ್ಬೊಬ್ಬರಾಗಿ ಊದಿಸಿ, ರೀಡ್‌ಗಳನ್ನು ಪರೀಕ್ಷಿಸಬೇಕಾಗಿ ಕೋರಿಕೆ. ಮೊದಮೊದಲು ಕೀಚ್ ಎಂದೀತು. ಹೊಸ ರೀಡ್ ಹಾಗೆಯೇ. ಅಷ್ಟಕ್ಕೇ ಯಾರನ್ನೂ ಬೀರುವಿನತ್ತ ಕರೆಯುವ ಅಗತ್ಯವಿಲ್ಲ.

ಎಂಟನೆಯ ರೀಡ್ ಪರೀಕ್ಷಿಸಲು ಮೂರನೇ ಕುರ್ಚಿಯಲ್ಲಿ ಯಾರಾದರೂ ಕೂತಿರಲೇಬೇಕಾದ್ದರಿಂದ, ಮಗಳ ವರ್ಗಾವಣೆಯನ್ನು ಕೈಬಿಡಬೇಕಾಗಿ ಪ್ರಾರ್ಥನೆ. ಪರದೆಗಳು ಸದ್ಯ ತಮ್ಮಷ್ಟಕ್ಕೆ ಚೆನ್ನಾಗಿಯೇ ಸರಿಯುತ್ತಿವೆ.

ತಮ್ಮ ವಿಶ್ವಾಸಿ,
ಮೂರನೇ ಕುರ್ಚಿಯ ತಾಯಿ

ಅಡಕಗಳು:
1. ರೀಡ್‌ಗಳು, ಎಂಟು.
2. ತಮ್ಮ ನೋಟೀಸು, ಕಾಗುಣಿತ ತಿದ್ದಿದ್ದು.
3. 'ಅತ್ಯುತ್ತಮ ವೇದಿಕೆ ಭಂಗಿ'ಯ ಪ್ರಶಸ್ತಿಪತ್ರ. ಅತ್ತೆಯವರು ಗೋಡೆಯಿಂದ ಇಳಿಸಲು ಬಿಡದ ಕಾರಣ ಲಗತ್ತಿಸಿಲ್ಲ.
4. ಮೇಲಿನ ಕರಡು. ಲಗತ್ತಿಸಿಲ್ಲ. ಅದರಲ್ಲಿರುವುದನ್ನು ಅತ್ತೆಯವರಿಗಾಗಲಿ, ಮನೆಯವರಿಗಾಗಲಿ, ಐದನೇ ಕುರ್ಚಿಯ ತಂದೆಯವರು ದಾರಿಯಲ್ಲಿ ನಿಲ್ಲಿಸಿ ವಿಡಿಯೊ ತೋರಿಸಿದಾಗಲೇ ಆಗಲಿ, ಯಾರಿಗೂ ಹೇಳಕೂಡದೆಂದು ಅರ್ಜಿದಾರಳು ತೀರ್ಮಾನಿಸಿದ್ದಾಳೆ.